ಪಾಲಿನ ಗುಂಡು

ಚನ್ನಗಿರಿಯ ಅಡಿಕೆ ವ್ಯಾಪಾರಿ ನಾಗರಾಜಪ್ಪನವರ ಮನೆಗೆ ಅಂಟಿಕೊಂಡಂತೆ ಒಂದು ಗೋದಾಮು. ಅದರ ಅರ್ಧಕ್ಕೆ ಅಡಿಕೆ ಚೀಲ, ಇನ್ನರ್ಧಕ್ಕೆ ಅವರ ಮಗ ಮುರುಗೇಶಪ್ಪ ಜೋಡಿಸಿಟ್ಟಿದ್ದ ಮೂರು ಪಿನ್‌ಬಾಲ್ ಯಂತ್ರಗಳು. ಊರಿನವರ ಬಾಯಲ್ಲಿ ಅವು ಗುಂಡಿನ ಪೆಟ್ಟಿಗೆಗಳು. ನಾಲ್ಕು ಕಾಲಿನ ಮೇಲೆ ಇಳಿಜಾರಾಗಿ ಒಂದು ಹಲಗೆ, ಅದಕ್ಕೆ ಗಾಜಿನ ಮುಚ್ಚಳ, ಒಳಗೆ ಅಲ್ಲಲ್ಲಿ ಗೂಟ, ದೀಪ, ಗಂಟೆ. ಸ್ಪ್ರಿಂಗಿನ ಹಿಡಿ ಎಳೆದು ಬಿಟ್ಟರೆ ಉಕ್ಕಿನ ಗುಂಡು ಮೇಲಕ್ಕೆ ಹಾರಿ, ಗೂಟದಿಂದ ಗೂಟಕ್ಕೆ ಬಡಿದು, ಗಂಟೆ ಬಾರಿಸುತ್ತ ಕೆಳಗಿಳಿಯುತ್ತದೆ. ತಳದ ಕಂಡಿಯಲ್ಲಿ ಬಿದ್ದುಹೋಗದಂತೆ ಅದನ್ನು ಪಕ್ಕದ ಬಟನ್ ಒತ್ತಿ ಮತ್ತೆ ಮೇಲಕ್ಕೆ ಒದೆಯಬೇಕು. ಎದುರಿಗೆ ನಿಂತ ಚಿತ್ರದ ಗಾಜಿನ ಹಿಂದೆ ಅಂಕಿಯ ಚಕ್ರಗಳು ಟಕ್ಕಟಕ್ಕನೆ ಏರುತ್ತ ಹೋಗುತ್ತವೆ. ಒಂದಾಟಕ್ಕೆ ಐದು ಗುಂಡು.

"ಮಂದಿ ಮಕ್ಳು ಅಡಿಕೆ ಮಾರಿ ಬಂಗಾರ ತಂದ್ರು. ನನ್ನ ಮಗ ಗುಜರಿ ತಂದ," ಎಂದು ಮುರುಗೇಶಪ್ಪನ ತಾಯಿ ಅನ್ನಪೂರ್ಣಮ್ಮ ಬಂದವರೆಲ್ಲರ ಮುಂದೆ ಹೇಳುತ್ತಿದ್ದರು. ಹೇಳುವಾಗ ಸ್ವಲ್ಪ ಹೆಮ್ಮೆಯೂ ಇರುತ್ತಿತ್ತು. ಇಡೀ ತಾಲ್ಲೂಕಿನಲ್ಲಿ ಇನ್ಯಾರ ಮಗನೂ ಇಂಥದ್ದು ತಂದಿರಲಿಲ್ಲವಲ್ಲ.

ಮೊದಲನೆಯದು ಮುಚ್ಚಿಹೋದ ಗಣಿ ಕಂಪನಿಯ ಕ್ಲಬ್ಬಿನದು, ದಾವಣಗೆರೆಯ ಗುಜರಿಯಲ್ಲಿ ಮಳೆಗೆ ನೆನೆಯುತ್ತ ನಿಂತಿತ್ತು. ಎರಡನೆಯದನ್ನು ದಿವಾಳಿಯಾದ ವಸ್ತುಪ್ರದರ್ಶನದವನೊಬ್ಬ ಬಿಟ್ಟು ಹೋಗಿದ್ದ. ಮೂರನೆಯದು ಹೊನ್ನಾಳಿಯ ಲಾಡ್ಜಿನಿಂದ ಬಂತು. ಹೊಳೆಯ ನೀರು ಹೊಕ್ಕು ಅದರ ಹಲಗೆ ಉಬ್ಬಿತ್ತು, ಒಳಗಿನ ತಂತಿಗಳ ಮೇಲೆ ಇಲಿ ಸಂಸಾರ ಮಾಡಿತ್ತು.

ಅದನ್ನು ಬದುಕಿಸಿದ್ದು ಮುರುಗೇಶಪ್ಪ ಮತ್ತು ಮೂಕಪ್ಪ. ಮೂಕಪ್ಪ ಜಗಳೂರು ಕಡೆಯ ಸೊಕ್ಕೆಯವನು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೆಕ್ಯಾನಿಕ್. ಚನ್ನಗಿರಿಯಲ್ಲಿದ್ದಾಗ ಫೋನು ರಿಪೇರಿಗೆಂದು ಬಂದವನು ಗೋದಾಮಿನ ಬಾಗಿಲಲ್ಲಿ ನಿಂತು, "ಅಣ್ಣಾರೆ, ಇದರ ಹೊಟ್ಟೆಯಾಗೂ ನಮ್ ಎಕ್ಸ್‌ಚೇಂಜಿನಾಗಿರೋ ಸಾಮಾನೇ ಐತಲ್ರಿ!" ಎಂದು ನಕ್ಕಿದ್ದ. ಆಮೇಲೆ ಜಗಳೂರಿಗೆ ವರ್ಗವಾದರೂ ಭಾನುವಾರದ ಬಸ್ಸು ತಪ್ಪಿಸಲಿಲ್ಲ. ಸುಟ್ಟ ಕಾಯಿಲ್ ಸುತ್ತಿಸಿದರು. ಗೂಟಗಳಿಗೆ ತೊಡಿಸುವ ರಬ್ಬರು ಬಳೆಗೆ ಸೈಕಲ್ ಟ್ಯೂಬು ಕತ್ತರಿಸಿದರು. ಕಪ್ಪುಗಟ್ಟಿದ ಕಾಂಟ್ಯಾಕ್ಟುಗಳ ಸಂದಿಗೆ ಮದುವೆ ಕಾಗದದ ಸೀಳು ತೂರಿಸಿ ಎಳೆದೆಳೆದು ಬೆಳಗಿದರು. ಗುಂಡು ಲಾರಿ ಗ್ಯಾರೇಜಿನ ಬೇರಿಂಗಿನದು, ಆಟ ಶುರು ಮಾಡಲು ಮನೆಯ ಕಾಲಿಂಗ್ ಬೆಲ್ಲಿಗೆ ತಂದಿದ್ದ ಬಿಳಿ ಸ್ವಿಚ್ಚು. ಮಧ್ಯಾಹ್ನ ಮೂಕಪ್ಪನಿಗೆ ಊಟ ಗೋದಾಮಿಗೇ ಬರುತ್ತಿತ್ತು. ಮುರುಗೇಶಪ್ಪನೂ ತನ್ನ ತಟ್ಟೆ ಹಿಡಿದು ಅಲ್ಲಿಗೇ ಹೋಗಿ ಚೀಲದ ಮೇಲೆ ಕೂರುತ್ತಿದ್ದ. ಅನ್ನಪೂರ್ಣಮ್ಮ ಅದಕ್ಕೆ ಏನೂ ಅನ್ನುತ್ತಿರಲಿಲ್ಲ. ಮೂಕಪ್ಪನ ಲೋಟ ಮಾತ್ರ ಗೋದಾಮಿನ ಗೂಡಿನಲ್ಲೇ ಇರುತ್ತಿತ್ತು.

ಯಂತ್ರಕ್ಕೆ ಜೀವ ಬಂದ ಮೇಲೆ ಇನ್ನೊಂದು ಪದ್ಧತಿ ಶುರುವಾಯಿತು, ಅದು ಹೊರಗಿನವರಿಗೆ ಗೊತ್ತಿಲ್ಲದ್ದು. ಮುರುಗೇಶಪ್ಪ ನಾಲ್ಕು ಗುಂಡು ಆಡಿ, ಐದನೆಯದನ್ನು ಹೊಡೆಯದೆ ಹಾಗೇ ನಿಲ್ಲಿಸಿ, ಒಳಬಾಗಿಲ ಕಡೆ ತಿರುಗಿ ಕೂಗುತ್ತಿದ್ದ: "ರುದ್ರೀ, ನಿನ್ ಪಾಲು!" ಅವನ ಹೆಂಡತಿ ರುದ್ರಾಣಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬರುತ್ತಿದ್ದಳು. ಮೊದಮೊದಲು ಅವಳಿಗೆ ನಾಚಿಕೆ. ಗುಂಡು ಹಾರಿದ ಕೂಡಲೇ ಕಣ್ಣು ಮುಚ್ಚಿಬಿಡುತ್ತಿದ್ದಳು. "ಕಣ್ ಮುಚ್ಚಿಕಂಡು ಆಡಾಕೆ ಇದೇನು ಕಣ್ಣಾಮುಚ್ಚಾಲೆ ಏನೇ?" ಎಂದು ಅವನು ನಗುತ್ತಿದ್ದ. ಮಕ್ಕಳಿಲ್ಲದ ಗಂಡಹೆಂಡತಿ. ದೊಡ್ಡ ಮನೆಯಲ್ಲಿ ಇಬ್ಬರೇ ನಿಂತು ನಗಲು ಜಾಗ ಇದ್ದದ್ದು ಅದೊಂದೇ.

ಎಂಬತ್ತೊಂದನೇ ಇಸವಿಯ ಆಷಾಢದಲ್ಲಿ ಒಂದು ಬೆಳಿಗ್ಗೆ, ನ್ಯಾಮತಿಯ ಅಂಗಡಿಯೊಂದರ ಅಟ್ಟದಲ್ಲಿ ಇಂಥದ್ದೇ ಪೆಟ್ಟಿಗೆಯಿದೆ ಎಂದು ಕೇಳಿ ಅವನು ಹೊರಟ. ಹೊರಡುವ ಮುಂಚೆ ಮೂರನೇ ಯಂತ್ರದಲ್ಲಿ ಒಂದಾಟಕ್ಕೆ ನಿಂತ. ನಾಲ್ಕು ಗುಂಡಿಗೆ ಸಾವಿರದ ಒಂಬೈನೂರ ನಲವತ್ತು ಅಂಕಿ ಬಂತು. ಅಷ್ಟು ಯಾವತ್ತೂ ಬಂದಿರಲಿಲ್ಲ.

"ಇನ್ನು ಅರವತ್ತು ಹೊಡೆದ್ರೆ ಎಲ್ಡು ಸಾವಿರ," ಎಂದ. "ನಿನ್ ಪಾಲು. ಆದ್ರೆ ಈಗ ಬ್ಯಾಡ, ಬಸ್ಸಿಗೆ ಹೊತ್ತಾತು. ನಾನು ಬಂದ್ ಮ್ಯಾಲೆ ಹೊಡಿ. ನಾನು ನೋಡ್‌ಬೇಕು."

"ನೀವು ನೋಡಿದ್ರೆ ನಂಗೆ ಕೈ ನಡುಗ್ತಾವೆ."

"ನಡುಗ್ಲಿ ಬಿಡು. ಅದನ್ನೇ ನೋಡಾಕೆ."

ನ್ಯಾಮತಿಯ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತವನು ಕೂತ ಹಾಗೇ ಹೋಗಿಬಿಟ್ಟಿದ್ದ. ನಿದ್ದೆ ಮಾಡುತ್ತಿದ್ದಾನೆಂದು ಜನ ಸುಮ್ಮನಿದ್ದರು. ಚನ್ನಗಿರಿ ಬಸ್ಸು ಬಂದು, ಕಂಡಕ್ಟರು ಊರಿನ ಹೆಸರು ಕೂಗಿ, ಬಸ್ಸು ಹೊರಟೂ ಹೋಗಿತ್ತು.

ಆಟ ಹಾಗೇ ಉಳಿಯಿತು. ಈ ಯಂತ್ರಗಳ ಅಂಕಿ ಕರೆಂಟು ಹೋದರೂ ಅಳಿಸುವುದಿಲ್ಲ. ಚಕ್ರಗಳು ನಿಂತಲ್ಲಿ ನಿಂತಿರುತ್ತವೆ, ಯಾರಾದರೂ ಹೊಸ ಆಟ ಶುರು ಮಾಡುವವರೆಗೆ. ರುದ್ರಾಣಿ ಪ್ಲಗ್ಗು ಕಿತ್ತು, ಅಂಕಿಯ ಗಾಜು ಮುಚ್ಚುವಂತೆ ಗಂಡನ ಪಂಚೆ ಹೊದಿಸಿದಳು. ದಿನಾ ಅಡಿಕೆ ಚೀಲ ನೋಡುವ ನೆಪದಲ್ಲಿ ಹೋಗಿ ಪಂಚೆ ಎತ್ತಿ ಅಂಕಿ ಓದುತ್ತಿದ್ದಳು. ಸ್ಪ್ರಿಂಗಿನ ಹಿಡಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಹೊಡೆದರೆ ಮುಗಿಯಿತು, ಅರವತ್ತು ಬಂದರೂ ಅಷ್ಟೇ, ಬರದಿದ್ದರೂ ಅಷ್ಟೇ. ಹೊಡೆಯದೆ ಇರುವವರೆಗೆ ಅವನು ನೋಡುವುದು ಬಾಕಿ ಇತ್ತು.

ಗಣೇಶನ ಹಬ್ಬಕ್ಕೆ ನೆಂಟರ ಮಕ್ಕಳು ಬಂದು ಪೆಟ್ಟಿಗೆಗಳಿಗೆ ಮುತ್ತಿದಾಗ ಅವಳು ಹೆದರಿ, "ಆ ಮೂರನೇದು ಕೆಟ್ಟೈತೆ, ಮುಟ್ಟಿದ್ರೆ ಶಾಕ್ ಹೊಡಿತತೆ," ಎಂದು ಸುಳ್ಳು ಹೇಳಿದಳು. ಮಕ್ಕಳು ದೂರ ಸರಿದರು. ಆದರೆ ಮಾತು ಅನ್ನಪೂರ್ಣಮ್ಮನ ಕಿವಿಗೂ ಬಿತ್ತು.

ಮಹಾನವಮಿ ಹತ್ತಿರ ಬಂದಂತೆ ಅನ್ನಪೂರ್ಣಮ್ಮ ಶುರು ಮಾಡಿದರು. "ಆಯುಧಪೂಜೆಗೆ ಕೆಟ್ಟ ಸಾಮಾನು ಇಡಬಾರ್ದು. ನನ್ ಮಗ ಕೈಯಾರೆ ಮಾಡಿದ್ದು ಕೆಟ್ಟು ಕುಂತೈತೆ ಅಂದ್ರೆ ಅವನ ಜೀವಕ್ಕೆ ಸಮಾಧಾನ ಇರ್ತತೇನು? ಜಗಳೂರಿಂದ ಆ ಮೂಕಪ್ಪನ್ನ ಕರೆಸ್ರಿ."

"ಈ ವರ್ಷ ಬ್ಯಾಡ ಬಿಡ್ರಿ ಅತ್ತೀ," ಎಂದಳು ರುದ್ರಾಣಿ.

"ಯಾಕೆ ಬ್ಯಾಡ? ತಕ್ಕಡಿಗೆ ಮಾಡ್ತೀವಿ, ಮೋಟರ್ ಸೈಕಲ್ಲಿಗೆ ಮಾಡ್ತೀವಿ. ನನ್ ಮಗನ ಸಾಮಾನೇನು ತಿಪ್ಪೆಗೆ ಬಿದ್ದಿದ್ದಾ?"

ಕಾರಣ ಹೇಳಬೇಕೆಂದರೆ ರುದ್ರಾಣಿ ಎಲ್ಲವನ್ನೂ ಹೇಳಬೇಕಿತ್ತು. 'ನಿನ್ ಪಾಲು' ಎಂಬುದನ್ನು ಅತ್ತೆಯ ಎದುರು ಬಾಯಿಬಿಟ್ಟು ಹೇಳಿದರೆ ಅದು ಅಲ್ಲಿಗೇ ಸಣ್ಣದಾಗಿಬಿಡುತ್ತದೆ ಎನಿಸಿತು.

ಮೂಕಪ್ಪ ಹಬ್ಬದ ದಿನ ಮೊದಲ ಬಸ್ಸಿಗೇ ಬಂದ. ಪಂಚೆ ತೆಗೆದು ಮಡಿಸಿಟ್ಟು, ಯಂತ್ರದ ಬೆನ್ನು ಬಿಚ್ಚಿ ಬಹಳ ಹೊತ್ತು ನೋಡಿದ. ಆಮೇಲೆ ಒಳಬಾಗಿಲ ಹತ್ತಿರ ಬಂದ.

"ಅಕ್ಕಾರೆ, ಇದರಾಗೆ ಏನೂ ಕೆಟ್ಟಿಲ್ಲಲ್ರಿ. ಕರೆಂಟ್ ಕೊಟ್ಟೆ, ದೀಪ ಎಲ್ಲ ಹತ್ತಿದ್ವು. ಒಂದು ಆಟ ಅರ್ಧಕ್ಕೇ ನಿಂತೈತೆ, ಅಷ್ಟೇ."

ರುದ್ರಾಣಿ ಬಾಗಿಲ ಸಂದಿಯಿಂದಲೇ ತಗ್ಗಿದ ದನಿಯಲ್ಲಿ ಹೇಳಿದಳು: "ದೀಪ ಹತ್ತಿದ್ರೆ ಸಾಕು. ಬಿಳೀ ಸ್ವಿಚ್ಚು ಒತ್ತಬ್ಯಾಡ್ರಿ. ಯಾರಿಗೂ ಒತ್ತಾಕೆ ಬಿಡಬ್ಯಾಡ್ರಿ."

"ಯಾಕ್ರಿ ಅಕ್ಕಾರೆ?"

ಅಷ್ಟರಲ್ಲಿ ಅನ್ನಪೂರ್ಣಮ್ಮ ವಿಭೂತಿ, ಕುಂಕುಮ, ಚೆಂಡುಹೂವಿನ ಬುಟ್ಟಿ ಹಿಡಿದು ಬಂದರು. ಮೂಕಪ್ಪ ರುದ್ರಾಣಿಯ ಮುಖವನ್ನೊಮ್ಮೆ ನೋಡಿ, "ಆತು ಬಿಡ್ರಿ," ಎಂದ. ಅವನ ಮಾತಿನ ಮೇಲೆ ಅವಳಿಗೆ ನಂಬಿಕೆ ಇತ್ತು.

ಆದರೆ ಪೂಜೆಯ ಹೊತ್ತಿಗೆ ಅಯ್ಯನವರು ಬಂದರು, ಓಣಿಯ ಮುತ್ತೈದೆಯರು ಬಂದರು. ನಾಗರಾಜಪ್ಪನವರು ಮೂಕಪ್ಪನತ್ತ ತಿರುಗಿ, ಸಿಟ್ಟಿಲ್ಲದೆ, ಪ್ರತಿವರ್ಷ ಹೇಳುವಂತೆಯೇ, "ಮೂಕಪ್ಪ, ಒಂಚೂರು ಆಚಿಗೆ ನಿಂದ್ರಪ್ಪ. ಪೂಜೆ ಆದ ಮ್ಯಾಲೆ ಬರುವಂತೆ," ಎಂದರು. ಮೂಕಪ್ಪ ಬೀದಿ ಕಡೆಯ ಮೆಟ್ಟಿಲು ಇಳಿದು ನಿಂತ.

ರುದ್ರಾಣಿ ಒಳಬಾಗಿಲ ಹಿಂದೆ ನಿಂತಿದ್ದಳು. ಗಂಡ ಹೋಗಿ ವರ್ಷ ತುಂಬದವಳು ಪೂಜೆಯ ಎದುರಿಗೆ ಬರಬಾರದು. ನಮ್ಮ ಧರ್ಮದಲ್ಲಿ ಅಂಥದ್ದೇನಿಲ್ಲ ಎಂದು ಮಠದ ಸ್ವಾಮಿಗಳು ಹೇಳುತ್ತಲೇ ಇದ್ದರು, ಜನ ತಲೆದೂಗಿ ಮನೆಗೆ ಬಂದು ಹಿಂದಿನಂತೆಯೇ ಇದ್ದರು. ಹೀಗಾಗಿ ಆ ಪೆಟ್ಟಿಗೆಯ ಗುಣ ಗೊತ್ತಿದ್ದ ಇಬ್ಬರಲ್ಲಿ ಒಬ್ಬಳು ಈ ಹೊಸ್ತಿಲ ಹಿಂದೆ, ಒಬ್ಬ ಆ ಹೊಸ್ತಿಲ ಆಚೆ. ನಡುವೆ ದೀಪ ಹತ್ತಿದ ಮೂರು ಯಂತ್ರಗಳು, ಅವುಗಳ ಸುತ್ತ ಅವುಗಳನ್ನು ಎಂದೂ ಆಡದ ಜನ.

ಗಂಟೆ ಮೊಳಗಿತು. ಕಾಯಿ ಒಡೆದ ಸದ್ದು ಬಂತು. ಕರ್ಪೂರದ ವಾಸನೆ ಬಾಗಿಲ ಸಂದಿಯಿಂದ ಒಳಗೆ ನುಸುಳಿತು. ಆಮೇಲೆ ಅಯ್ಯನವರ ದನಿ: "ಒಂದೊಂದೇ ಚಾಲೂ ಮಾಡ್ರಿ. ಪೂಜೆ ಮಾಡಿದ್ದು ಸುಮ್ನೆ ನಿಂದ್ರಬಾರ್ದು."

ಈ ಪದ್ಧತಿಯನ್ನು ರುದ್ರಾಣಿ ಮರೆತೇಬಿಟ್ಟಿದ್ದಳು. ಪ್ರತಿವರ್ಷ ಅದನ್ನು ಮಾಡುತ್ತಿದ್ದವನು ಮುರುಗೇಶಪ್ಪ. ಹೊರಗೆ ಮೋಟರ್ ಸೈಕಲ್ ಗುಡುಗಿ ನಿಂತಿತು. ತಕ್ಕಡಿಯ ಸರಪಳಿ ಕಿಣಿಗುಟ್ಟಿತು. ಮೊದಲನೇ ಯಂತ್ರದ ಚಕ್ರಗಳು ಕಟಕಟನೆ ತಿರುಗಿದವು. ಎರಡನೆಯದರವು ತಿರುಗಿದವು.

ಅವಳು ಬಾಗಿಲು ತೆರೆದಳು. ಪೂರ್ತಿ ಅಲ್ಲ, ಮುಖ ಕಾಣುವಷ್ಟು. ಮುತ್ತೈದೆಯರಲ್ಲಿ ಒಬ್ಬಳು ನೋಡಿ ತಲೆ ತಗ್ಗಿಸಿದಳು. ಅನ್ನಪೂರ್ಣಮ್ಮನೂ ನೋಡಿದರು. ಗದರಿಸಲಿಲ್ಲ, ಅವರ ಕಣ್ಣಲ್ಲಿ ಇದ್ದದ್ದು ಬೇಡಿಕೆ. ಇವತ್ತೊಂದಿನ ನನ್ನ ಮಾನ ಕಾಯಿ ತಾಯಿ, ಒಳಗಿರು, ಎಂಬಂಥದ್ದು. ಬೀದಿಬಾಗಿಲಿನಿಂದ ಮೂಕಪ್ಪ, "ಅಮ್ಮಾರೆ, ಅದೊಂದು..." ಎಂದದ್ದು ಗಂಟೆಯಲ್ಲಿ ಮುಳುಗಿತು. ರುದ್ರಾಣಿಯ ಬಾಯಿಗೆ ಮಾತು ಬಂದಿತ್ತು. ಬೇಡ ಎನ್ನುವ ಎರಡಕ್ಷರ. ಅವಳು ಬಾಗಿಲು ಮುಚ್ಚಿದಳು.

ಮೂರನೇ ಯಂತ್ರದ ಚಕ್ರಗಳು ತಿರುಗುವ ಸದ್ದು ಉಳಿದೆರಡಕ್ಕಿಂತ ದೀರ್ಘವಾಗಿತ್ತು, ಅವಕ್ಕೆ ಹೆಚ್ಚು ದೂರ ಹೋಗಬೇಕಿತ್ತು. ಕೊನೆಯಲ್ಲಿ ಒಂದು ಸಲ ಠಕ್ ಎಂದಿತು. ಜನ "ಹರ ಹರ" ಎಂದರು.

ಸ್ವಲ್ಪ ಹೊತ್ತಿಗೆ ಅನ್ನಪೂರ್ಣಮ್ಮ ಒಳಗೆ ಬಂದರು. ಬೆರಳಿಗೆ ಕುಂಕುಮ ಅಂಟಿತ್ತು, ಕಣ್ಣು ತುಂಬಿತ್ತು. "ನಾನೇ ಒತ್ತಿದ್ನೆ ರುದ್ರಾಣಿ. ಅವನಿದ್ದಾಗ ಒಂದಿನಾನೂ ಮುಟ್ಟಿದ್ದಿಲ್ಲ, ಬರೀ ಬೈದಿದ್ದೇ ಆತು. ಇವತ್ತು ಒತ್ತಿದ್ನಾ, ಹೆಂಗೆ ಗಡಗಡ ಅಂತು ಅಂತೀಯ! ಏನೇನೋ ಅಂಕಿ ಇದ್ವು, ಎಲ್ಲಾ ಹೋಗಿ ಸೊನ್ನೆ ಆಗಿ ಕುಂತ್ವು. ನನ್ ಮಗ 'ಅವ್ವಾ' ಅಂದಂಗಾತು ಕಣೆ."

ಮುರುಗೇಶಪ್ಪ ಹೋಗಿ ಮೂರು ತಿಂಗಳಾಗಿತ್ತು. ಆದರೂ ಅತ್ತೆ ಅತ್ತದ್ದನ್ನು ರುದ್ರಾಣಿ ನೋಡಿದ್ದು ಅದೇ ಮೊದಲು. ಮಣ್ಣು ಮಾಡುವ ದಿನವೂ ಅವರು ಗೋಡೆ ಹಿಡಿದು ಸುಮ್ಮನೆ ನಿಂತಿದ್ದರು. ಈ ಹೆಂಗಸಿನ ಮೇಲೆ ಸಿಟ್ಟು ಮಾಡಲು ರುದ್ರಾಣಿ ಮನಸ್ಸಿನಲ್ಲಿ ಹುಡುಕಿದಳು, ಸಿಗಲಿಲ್ಲ. ಅತ್ತೆಯ ಕೈ ಹಿಡಿದು ಕುಂಕುಮವನ್ನು ತನ್ನ ಸೆರಗಿನಿಂದ ಒರೆಸಿದಳು.

ಜನ ಹೋದ ಮೇಲೆ, ಹೋಳಿಗೆಯ ವಾಸನೆ ಮನೆ ತುಂಬಿದ ಹೊತ್ತಿನಲ್ಲಿ, ಅವಳು ಗೋದಾಮಿಗೆ ಇಳಿದಳು. ಮೂಕಪ್ಪ ಒಬ್ಬನೇ ಇದ್ದ. ಚಿತ್ರದ ಗಾಜಿಗೆ ಮೂರು ಬೆರಳು ವಿಭೂತಿ ಎಳೆದಿತ್ತು. ಅದರ ಕೆಳಗೆ ನಾಲ್ಕು ಸೊನ್ನೆಗಳು, ಹಿಂದಿನ ದೀಪದಿಂದ ಬೆಳಗುತ್ತಿದ್ದವು.

ಅವನು ತಲೆ ಎತ್ತಲಿಲ್ಲ. "ಆಚಿಗೆ ನಿಂದ್ರು ಅಂದ್ರು. ನಿಂತೆ. ಪೂಜೆ ಹಾಳಾದ್ರೆ ಆಗ್ಲಿ ಅಂತ ಒಳಗೆ ನುಗ್ಗಬೇಕಾಗಿತ್ತು ನಾನು."

"ನಾನೂ ನಿಂತೆನಲ್ಲ," ಎಂದಳು ರುದ್ರಾಣಿ.

"ಅಣ್ಣಾರು ಬಿಟ್ಟು ಹೋದ ಆಟ ಏನ್ರಿ ಅದು?"

ಅವಳು ಹೂಂ ಎಂದಳು. ಮೂಕಪ್ಪ ಸ್ಕ್ರೂ ಡ್ರೈವರನ್ನು ಕೈಯಲ್ಲಿ ತಿರುಗಿಸಿದ. ಆಮೇಲೆ, ಹೊಳೆದದ್ದನ್ನು ಬೇಗ ಹೇಳಿ ಮುಗಿಸಬೇಕೆನ್ನುವವನಂತೆ ಶುರು ಮಾಡಿದ. "ಅಕ್ಕಾರೆ, ಅದೇನ್ ದೊಡ್ಡದಲ್ಲ. ಬೆನ್ನು ಬಿಚ್ಚಿದ್ರೆ ಚಕ್ರ ಕೈಗೆ ಸಿಗ್ತಾವೆ. ಒಂದೊಂದೇ ತಿರುಗಿಸಿ ಅದೇ ಅಂಕಿಗೆ ನಿಲ್ಲಿಸ್ತೀನಿ. ನಾಲ್ಕು ಗುಂಡು ಆಗ್ಯಾವೆ, ಇನ್ನೊಂದೈತೆ ಅನ್ನೋದನ್ನೂ ಕೂರಿಸ್ತೀನಿ. ಒಂದ್ ಕೂದಲೆಳೆ ವ್ಯತ್ಯಾಸ ಗೊತ್ತಾಗಾಕಿಲ್ಲ. ನಾನು ಬೆಳಿಗ್ಗೆ ಬೆನ್ನಿನ ಕಡೆ ನೋಡಿದ್ನೇ ಹೊರತು ಅಂಕಿ ಓದಿಕಳ್ಳಿಲ್ಲ. ಎಷ್ಟಿತ್ತು ಹೇಳ್ರಿ."

ಸಾವಿರದ ಒಂಬೈನೂರ ನಲವತ್ತು. ಅದು ಅವಳ ನಾಲಿಗೆಯ ಮೇಲೇ ಇತ್ತು. ಈ ಮೂರು ತಿಂಗಳಲ್ಲಿ ಅವಳು ಅದನ್ನು ಅಕ್ಕಿ ಆರಿಸುವಾಗ ಹೇಳಿಕೊಂಡಿದ್ದಳು, ಲಿಂಗಪೂಜೆಗೆ ಕೂತಾಗಲೂ ಮಂತ್ರದ ನಡುವೆ ಅದು ಬಂದು ಸೇರಿಕೊಂಡಿತ್ತು. ಮೂಕಪ್ಪ ನಿಲ್ಲಿಸಿದರೆ ನಿಲ್ಲುತ್ತದೆ. ನಾಳೆಯಿಂದ ಪಂಚೆ ಎತ್ತಿ ನೋಡಬಹುದು. ಆದರೆ ಅದನ್ನು ನಿಲ್ಲಿಸಿದ ಕೈ ಯಾರದೆಂದು ಅವಳಿಗೆ ಗೊತ್ತಿರುತ್ತದೆ.

"ನೆನಪಿಲ್ಲ," ಎಂದಳು.

ಮೂಕಪ್ಪ ಆಗ ತಲೆ ಎತ್ತಿ ನೋಡಿದ. ಅವಳು ಮುಖ ತಿರುಗಿಸಲಿಲ್ಲ.

"ಸುಮಾರು ಎಷ್ಟು ಅಂತಾದ್ರೂ..."

"ಇಲ್ಲಪ್ಪ. ನೆನಪಿಲ್ಲ ನಂಗೆ."

ಅವನು ಪ್ಲಗ್ಗು ಕಿತ್ತ. ಸೊನ್ನೆಗಳ ಹಿಂದಿನ ದೀಪ ಆರಿತು. ತಂತಿಯನ್ನು ಮೊಣಕೈಗೆ ಸುತ್ತಿ ಸುತ್ತಿ, ಬಹಳ ನಿಧಾನಕ್ಕೆ, ಸಿಂಬಿ ಮಾಡಿ ಯಂತ್ರದ ಕಾಲಿಗೆ ನೇತುಹಾಕಿದ.

"ಊಟ ಮಾಡ್ಕಂಡ್ ಹೋಗ್ರಿ," ಎಂದಳು ರುದ್ರಾಣಿ.

"ಬಸ್ಸಿಗೆ ಹೊತ್ತಾತು ಅಕ್ಕಾರೆ," ಎಂದ ಅವನು. ಅಂದವನು ನ್ಯಾಮತಿಯ ಬಸ್‌ಸ್ಟ್ಯಾಂಡು ನೆನಪಾದಂತೆ ನಾಲಿಗೆ ಕಚ್ಚಿಕೊಂಡು, ಚೀಲದ ಮೇಲೆ ಕೂತುಬಿಟ್ಟ. "ಇಲ್ಲ, ಉಣ್ತೀನಿ. ಹಾಕ್ರಿ."

ಅವಳು ಒಳಗೆ ಹೋಗಿ ಎರಡು ತಟ್ಟೆಗೆ ಬಡಿಸಿದಳು. ಅನ್ನಪೂರ್ಣಮ್ಮ ನೋಡಿದರು, ಏನೂ ಅನ್ನಲಿಲ್ಲ. ತಟ್ಟೆಗಳನ್ನು ಗೋದಾಮಿಗೆ ತಂದು ಒಂದನ್ನು ಅವನಿಗೆ ಕೊಟ್ಟು, ಇನ್ನೊಂದನ್ನು ಹಿಡಿದು ಎದುರಿನ ಚೀಲದ ಮೇಲೆ ಕೂತಳು. ಇಬ್ಬರೂ ಉಂಡರು. ಹೋಳಿಗೆ ಬಿಸಿ ಇತ್ತು. ಗಾಜಿನ ಕೆಳಗೆ, ಸ್ಪ್ರಿಂಗಿನ ಎದುರು, ಗುಂಡು ಇದ್ದಲ್ಲೇ ಇತ್ತು. ಅದೀಗ ಹೊಸ ಆಟದ ಮೊದಲನೆಯ ಗುಂಡು, ಯಾರು ಬೇಕಾದರೂ ಹೊಡೆಯಬಹುದಿತ್ತು.