ಹೀರಾಳಿಗೊಂದು ಕೊಂಡಿ

ಯಾರಾದರೂ "ಅದು ಹಾಗೇ" ಅಂದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಹಾಗೇ ಅಂದರೆ ಹೇಗೆ? ಯಾಕೆ? ಅಫಜಲಪುರದ ನನ್ನ ಬಟ್ಟೆ ಅಂಗಡಿಗೆ ಬರುವ ಗಿರಾಕಿಗಳಿಗೂ ಈ ನನ್ನ ಚಾಳಿ ಗೊತ್ತು. ಈ ಬೇಸಿಗೆಯಲ್ಲಿ ಅದೇ ಚಾಳಿ ನನ್ನನ್ನು ಕಾರಿನ ಹಿಂದೆ ಕುದುರೆ ಸಾಗಿಸುವ ಡಬ್ಬಿಯೊಳಗೆ ನಿಲ್ಲಿಸಿತು.

ಕುದುರೆ ಚಮನಸಾಬ ಕಾಕಾನದು. ನಮ್ಮ ಮನೆಯ ಹಿಂದೆಯೇ ಅವರ ಲಾಯ. ಹೆಸರು ಹೀರಾ, ಬಿಳಿಯ ಹೆಣ್ಣುಕುದುರೆ. ಮದುವೆಗಳಲ್ಲಿ ಮದುಮಗನನ್ನು ಹೊತ್ತು ಮೆರೆಯುವುದು ಅವಳ ಕೆಲಸ. ಅವಳ ಬಲಗಣ್ಣಿನ ರೆಪ್ಪೆಯ ಮೇಲೆ ಗಂಟೊಂದು ಬೆಳೆಯತೊಡಗಿತ್ತು. ಕಲಬುರಗಿಯ ದೊಡ್ಡ ದನದ ದವಾಖಾನೆಯಲ್ಲಿ ಬೇಗ ತೆಗೆಸದಿದ್ದರೆ ಕಣ್ಣೇ ಹೋಗುತ್ತದೆ ಎಂದರು ನಮ್ಮೂರ ಡಾಕ್ಟರು. ನಡೆಸಿಕೊಂಡು ಹೋಗೋಣವೆಂದರೆ, ಬರುವಾಗ ಹೊಲಿಗೆ ಹಾಕಿದ ಕಣ್ಣಿಗೆ ದಾರಿಯ ದೂಳು ಆಗದು. ಗಾಡಿಯಲ್ಲಿ ಒಯ್ಯೋಣವೆಂದರೆ, ಹಿಂದೊಮ್ಮೆ ಟೆಂಪೊದಲ್ಲಿ ಬಿದ್ದಾಗಿನಿಂದ ಹೀರಾ ಗಾಡಿಯೆಂದರೆ ಸಾಕು, ಒದ್ದು ಒದ್ದು ಮೈಯೆಲ್ಲ ಗಾಯ ಮಾಡಿಕೊಳ್ಳುತ್ತಾಳೆ.

"ಇಂಜನ್ ಸಪ್ಪಳಕ್ಕ ಹೆದರ್ತಾಳ ತಂಗಿ," ಅಂದರು ಕಾಕಾ. "ನಿನ್ನ ಕರೆಂಟಿನ ಕಾರಿಗೆ ಸಪ್ಪಳೇ ಇಲ್ಲಲ್ಲ. ಅದು ಡಬ್ಬಿ ಎಳೀತದೇನು?"

ಎಳೆಯುತ್ತದೆಯೇ? ಕಾರು ಕೊಂಡು ವರ್ಷವಾಗಿದ್ದರೂ ನನಗೇ ಗೊತ್ತಿರಲಿಲ್ಲ! ಷೋರೂಮಿಗೆ ಫೋನು ಹಚ್ಚಿದೆ. ಏಳುನೂರ ಐವತ್ತು ಕಿಲೊವರೆಗೆ ಎಳೆಯಬಹುದಂತೆ. ಆದರೆ ಕಂಪನಿಯ ಕೊಂಡಿಯನ್ನೇ ಹಾಕಿಸಬೇಕಂತೆ. ಅದರಲ್ಲೂ ಎರಡು ನಮೂನೆ: ಕಾಯಮಾಗಿ ಕೂರುವುದೊಂದು, ಬೇಡವಾದಾಗ ಬಿಚ್ಚಿಡುವುದೊಂದು. ಎರಡರ ತುದಿಗೂ ಒಂದು ಉಕ್ಕಿನ ಗುಂಡು.

"ಗುಂಡು ಯಾಕೆ?" ಎಂದು ಕೇಳಿದೆ.

"ಅದು ಹಾಗೇ ಮೇಡಂ."

ಫೋನು ಕುಕ್ಕಿದೆ. ಟ್ರ್ಯಾಕ್ಟರ್ ಟ್ರೇಲರ್ ಮಾಡುವ ಅಬ್ದುಲ್ ಗನಿಯ ವೆಲ್ಡಿಂಗ್ ಅಂಗಡಿಗೆ ಹೋದೆ.

"ಗುಂಡ್ಯಾಕ್ರಿ ಅಕ್ಕಾರ?" ಎಂದು ನಕ್ಕ ಗನಿ. "ಟ್ರ್ಯಾಕ್ಟರಿನ ಕೊಕ್ಕಿ ಕುಂದರಸ್ತೇನಿ, ಮ್ಯಾಲಿಂದ ಪಿನ್ನ ಹಾಕ್ತೇನಿ. ಆನೀ ಎಳದ್ರೂ ಬಿಚ್ಚಂಗಿಲ್ಲ."

ಸಿಟ್ಟಿನಲ್ಲಿದ್ದ ನನಗೆ ಅದೇ ಸರಿಯೆನಿಸಿತು. ಗನಿ ಎರಡು ಗಾಲಿಯ ಹಗುರ ಡಬ್ಬಿಯೊಂದನ್ನು ಮಾಡಿ ಕಾರಿಗೆ ಸಿಕ್ಕಿಸಿದ. ಬೆಲ್ಲದ ಆಸೆ ತೋರಿಸಿ, ಹಿಂದಿನಿಂದ ನೂಕಿ, ಹೇಗೋ ಹೀರಾಳನ್ನು ಏರಿಸಿ, ಕಾಕಾ, ಗನಿ, ನಾನು ಮೂವರೂ ಪರೀಕ್ಷೆಗೆಂದು ಮಣ್ಣೂರ ರಸ್ತೆಗೆ ಹೊರಟೆವು. ಕಾರು ಪಿಟಕ್ಕೆನ್ನಲಿಲ್ಲ. ಆದರೂ ಊರು ದಾಟುವ ಮೊದಲೇ ಹಿಂದೆ ದಡದಡ ಒದೆತ. ಇಳಿದು ನೋಡಿದರೆ ಹೀರಾಳ ಮೊಣಕಾಲು ರಕ್ತವಾಗಿತ್ತು.

ಕಾಕಾ ಅವಳ ಕೊರಳು ಹಿಡಿದು ನಿಂತುಬಿಟ್ಟರು. "ಹೋಗ್ಲಿ ಬಿಡು ತಂಗಿ. ಇನ್ನೊಂದು ಕಣ್ಣ ಅದಲ್ಲ. ಆಕಿ ನಸೀಬ."

ನಸೀಬವಂತೆ! ನನಗೆ ಅಳುವೂ ಬಂತು, ಸಿಟ್ಟೂ ಬಂತು. ಬ್ಯಾಂಡಿನವರ ಜನರೇಟರ್ ಪಕ್ಕದಲ್ಲೇ, ಪಟಾಕಿಯ ನಡುವೆ ಕುಣಿಯುವ ಕುದುರೆ ಇದು. ಇದಕ್ಕೆಂಥ ಸಪ್ಪಳದ ಹೆದರಿಕೆ? ಹಾಗಾದರೆ ಒಳಗೆ ನಿಂತವಳಿಗೆ ಏನಾಗುತ್ತಿದೆ?

"ಕಾಕಾ, ಆಕಿನ್ನ ಇಳಸ್ರಿ. ಒಳಗ ನಾ ನಿಂದರ್ತೇನಿ. ಗನಿ, ನೀ ಕಾರ್ ಹೊಡಿ."

"ಅಕ್ಕಾರ, ಮಂದಿ ನೋಡಾಕತ್ತಾರ್ರಿ!"

"ನೋಡ್ಲಿ. ಹೊಡಿ ಅಂದ್ರ ಹೊಡಿ!"

ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿಕೊಂಡು ನಿಂತೆ. ಚಹಾದಂಗಡಿಯಿಂದ ಯಾರೋ "ಮದವಿ ಬರಾತ ಎಲ್ಲಿಗ್ರಿ?" ಎಂದು ಕೂಗಿದರು. ಕೂಗಲಿ. ಕಾರು ಹೊರಟಿತು. ಸದ್ದೇನೂ ಇರಲಿಲ್ಲ, ಆದರೆ ಅಂಗಾಲಿಗೆ ಬೇರೆಯೇ ಸುದ್ದಿ ಬರುತ್ತಿತ್ತು. ಗನಿ ಎಕ್ಸಿಲರೇಟರಿನಿಂದ ಕಾಲು ತೆಗೆದಾಗಲೆಲ್ಲ ಕಾರು ತನ್ನಷ್ಟಕ್ಕೆ ವೇಗ ತಗ್ಗಿಸುತ್ತಿತ್ತು. ಕರೆಂಟಿನ ಕಾರಿನ ಗುಣವೇ ಅದು, ಹಾಗೆ ತಡೆದು ಬ್ಯಾಟರಿಗೆ ಒಂದಿಷ್ಟು ಚಾರ್ಜು ಮರಳಿಸಿಕೊಳ್ಳುತ್ತದೆ. ಆಗ ಡಬ್ಬಿ ಮುಂದೆ ಬಂದು ಗುದ್ದುತ್ತಿತ್ತು. ಮತ್ತೆ ಒತ್ತಿದರೆ ಹಿಂದಕ್ಕೆ ಜಗ್ಗುತ್ತಿತ್ತು. ಕೊಕ್ಕಿಯಲ್ಲಿ ಪಿನ್ನು ಸಡಿಲವಾಗಿ ಆಡುತ್ತಿತ್ತಲ್ಲ! ಯಾವಾಗ ಜಗ್ಗುತ್ತದೆಂದು ಒಳಗಿದ್ದ ನನಗೆ ತಿಳಿಯುವಂತಿರಲಿಲ್ಲ. ಒಂದು ತಿರುವಿನಲ್ಲಿ ಧೊಪ್ಪನೆ ಮೊಣಕಾಲೂರಿ ಬಿದ್ದೆ.

"ಯವ್ವಾ! ನಿಲ್ಸಲೇ ಗನಿ!" ಹೀರಾಳನ್ನು ಹಿಡಿದು ನಿಂತಿದ್ದ ಕಾಕಾನ ಬಳಿಗೆ ಮರಳುತ್ತಲೇ ಕೂಗಿದೆ. "ಸಪ್ಪಳಲ್ಲ ಕಾಕಾ, ಕಾಲ ಕೆಳಗಿನ ನೆಲ ಜಗ್ತದ! ಆಕಿ ಬೀಳೂದಕ್ಕ ಹೆದರಾಕತ್ತಾಳ್ರಿ!"

ಗನಿ ತಲೆ ಕೆರೆದುಕೊಂಡ. "ನಾವು ಜ್ವಾಳದ ಚೀಲ ಹೇರವ್ರು ಅಕ್ಕಾರ. ಚೀಲ ಎಂದೂ ತಕರಾರ ಮಾಡಿಲ್ರಿ."

ಗುಂಡು ಯಾಕೆಂದು ನನಗೆ ಆಗ ಹೊಳೆಯಿತು. ಡಬ್ಬಿಯ ಮೂತಿಗೆ ಒಂದು ಬಟ್ಟಲು ಹಾಕಿದರೆ ಅದು ಆ ಗುಂಡಿನ ಮೇಲೆ ಬಿಗಿಯಾಗಿ ಕೂರುತ್ತದೆ. ಎತ್ತ ಬೇಕಾದರೂ ತಿರುಗುತ್ತದೆ, ಆದರೆ ಹಿಂದೆ ಮುಂದೆ ಆಡುವುದಿಲ್ಲ. ಕಂಪನಿಯ ಕೊಂಡಿಯಲ್ಲಿ ಬಿಚ್ಚಿಡುವ ನಮೂನೆಯದನ್ನೇ ತರಿಸಿ, ಗನಿಯಿಂದ ಡಬ್ಬಿಗೆ ಬಟ್ಟಲು ಹಾಕಿಸಿದೆ. ಕಾಯಮಾಗಿ ಕೂರುವುದಾಗಿದ್ದರೆ ಅಂಗಡಿ ಮುಂದೆ ಓಡಾಡುವವರ ಮೊಣಕಾಲಿಗೆಲ್ಲ ಅದು ಬಡಿಯುತ್ತಿತ್ತು. ಕಾರು ತಾನಾಗಿ ತಡೆಯುವುದನ್ನೂ ಪರದೆಯಲ್ಲಿ ಹುಡುಕಿ ಪೂರ್ತಿ ಕಡಿಮೆ ಮಾಡಿದೆ.

ಕಲಬುರಗಿಗೆ ಹೋಗುವಾಗ ಚಾರ್ಜು ಎಂದಿಗಿಂತ ಬೇಗ ಇಳಿಯುತ್ತಿತ್ತು, ನನ್ನ ಕಣ್ಣೆಲ್ಲ ಅದರ ಮೇಲೆ. ಕಾಕಾ ದಾರಿಯುದ್ದಕ್ಕೂ ಹಿಂದೆ ತಿರುಗಿಯೇ ಕೂತಿದ್ದರು. ದವಾಖಾನೆಯ ಮುಂದೆ ಬಾಗಿಲು ತೆರೆದಾಗ ಹೀರಾ ಒಂದು ಹಿಂಗಾಲು ಸಡಿಲ ಬಿಟ್ಟು, ಆರಾಮವಾಗಿ ಜೋಳದ ಕಣಿಕೆ ಮೇಯುತ್ತಿದ್ದಳು.

ಮರುದಿನ ಗಂಟು ತೆಗೆದ ಡಾಕ್ಟರು ಕಣ್ಣು ಉಳಿಯಿತು ಎಂದರು. ಕಾಕಾ ಅವರ ಕೈ ಹಿಡಿದು ಬಿಡಲೇ ಇಲ್ಲ. ಆದರೆ ಹೊರಗೆ ಬರುತ್ತಲೇ ಕಾಕಾನ ಮುಖ ಮತ್ತೆ ಸಪ್ಪಗಾಯಿತು. ಹೀರಾಳ ಬಲಗಣ್ಣಿಗೆ ಪಟ್ಟಿ, ಗುರುತಿಲ್ಲದ ಜಾಗ, ನೋವು ಬೇರೆ.

"ಈಗ ಹ್ಯಾಂಗ ಏರ್ತಾಳ ತಂಗಿ? ಅರ್ಧ ಜಗತ್ತು ಕಾಣಾಂಗಿಲ್ಲ ಆಕಿಗಿ," ಎನ್ನುತ್ತಾ ಹಗ್ಗ ಹಿಡಿದು ಬೆಲ್ಲಕ್ಕಾಗಿ ಜೇಬು ತಡಕಿದರು.

ನಾನು ಡಬ್ಬಿಯ ಹಲಗೆಯನ್ನು ಇಳಿಸಿ ನೆಲಕ್ಕೆ ಊರಿದ್ದೆನಷ್ಟೆ. ಹೀರಾ ಕತ್ತು ತಿರುಗಿಸಿ ಒಂದೇ ಕಣ್ಣಿನಿಂದ ಅದನ್ನು ನೋಡಿದಳು, ಮೂಸಿದಳು, ಯಾರಿಗೂ ಕಾಯದೆ ಹತ್ತತೊಡಗಿದಳು. ಕೈಯಲ್ಲಿ ಹಗ್ಗವಿದ್ದ ಕಾಕಾ ಮುಗ್ಗರಿಸುತ್ತಾ ಅವಳ ಹಿಂದೆಯೇ ಹಲಗೆ ಏರಿಹೋದರು.

ಒಳಗಿಂದ ನಗುವೋ ಅಳುವೋ ತಿಳಿಯದ ದನಿ ಬಂತು. "ಇಷ್ಟ ವರ್ಸ ನಾ ಆಕಿನ್ನ ಜಗ್ಗೀನಿ ತಂಗಿ. ಇವತ್ತ ಆಕೀನೇ ನನ್ನ ಜಗ್ಗಿಕೊಂಡು ಬಂದ್ಳು ನೋಡು!"