ಐನೂರರ ಚೌಕ

"ಎಡಕ್ಕೆ ಸಾರ್, ಇನ್ನೂ ಸ್ವಲ್ಪ ಎಡಕ್ಕೆ," ಎನ್ನುತ್ತಿದ್ದ ವ್ಯಾನಿನ ಡ್ರೈವರ್ ಫಹೀಮ್. ಎಡಕ್ಕೆ ಹೋಗಲು ಜಾಗವಿದ್ದರೆ ತಾನೇ.

ಶವಪೆಟ್ಟಿಗೆ ಹಲಸೂರಿನ ಆ ಓಣಿಯ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ತಲೆಯ ಕಡೆ ಹಿಡಿದಿದ್ದ ಜಗದೀಶರ ಬೆನ್ನು ಕರೆಂಟ್ ಮೀಟರಿನ ಡಬ್ಬಕ್ಕೆ ಒತ್ತಿಕೊಂಡು, ಮುಂದೆ ಹೋಗುವಂತಿಲ್ಲ, ಹಿಂದೆ ಬರುವಂತಿಲ್ಲ. ಪೆಟ್ಟಿಗೆ ಖಾಲಿ. ಅದರೊಳಗೆ ಮಲಗಬೇಕಾದ ರಮಾಮಣಿ ಓಣಿಯ ಕೊನೆಯ ಒಂದೂವರೆ ಕೋಣೆಯ ಮನೆಯಲ್ಲಿ, ಚಾಪೆಯ ಮೇಲೆ, ಬಿಳಿ ಸೀರೆ ಉಟ್ಟು ಕಾಯುತ್ತಿದ್ದರು. ಎಪ್ಪತ್ತಾರು ವರ್ಷ ಯಾರನ್ನೂ ಕಾಯಿಸದ ಹೆಂಗಸು, ಇವತ್ತು ತಾನೇ ಕಾಯಬೇಕಾಗಿತ್ತು.

"ಬಿಟ್ಬಿಡಿ ಸಾರ್, ಪೆಟ್ಟಿಗೆ ರೋಡಲ್ಲೇ ಇರ್ಲಿ," ಎಂದಳು ಎದುರು ಮನೆಯ ಸಾಬಮ್ಮ. "ಅಮ್ಮನ್ನೇ ಬೆಡ್‌ಶೀಟಲ್ಲಿ ಎತ್ಕೊಂಡು ಬರೋಣ. ಅವ್ರೇನು ಭಾರ ಇದಾರಾ."

ನಿನ್ನೆ ಬೆಳಿಗ್ಗೆ ನಲ್ಲಿ ನೀರು ಬಂದು ಹೋದರೂ ಬಾಗಿಲು ತೆರೆಯಲಿಲ್ಲವೆಂದು ಮೊದಲು ನೋಡಿದವಳು ಈ ಸಾಬಮ್ಮನೇ. ಹೃದಯ ನಿಂತಿದೆ, ನಿದ್ದೆಯಲ್ಲೇ ಹೋಗಿದ್ದಾರೆ ಎಂದಿದ್ದರು ಡಾಕ್ಟರು.

ಜಗದೀಶರು ಬೆವರು ಒರೆಸಿಕೊಂಡು, ಶರ್ಟಿನ ಜೇಬು ಮುಟ್ಟಿ ನೋಡಿಕೊಂಡರು. ಕಾಗದ ಇತ್ತು. ಕಂಟೋನ್ಮೆಂಟಿನ ಅವರ ಕನ್ನಡ ಚರ್ಚಿನ ಸಭೆಯಲ್ಲಿ, ಸಮಾಧಿಗೆ ಮುಂಚೆ ತೀರಿಕೊಂಡವರ ಜೀವನ ಪರಿಚಯ ಓದುವುದು ಪದ್ಧತಿ. ಮಕ್ಕಳಿಲ್ಲದ ರಮಾಮಣಿಯದನ್ನು ಬರೆಯುವವರು ಯಾರು? "ನೀವೇ ಬರೀರಿ ಜಗದೀಶ್. ಆರು ವರ್ಷದಿಂದ ಖಜಾಂಚಿ ನೀವು, ಅವ್ರ ಕಾಣಿಕೆ ಎಲ್ಲ ನಿಮಗೆ ಗೊತ್ತಲ್ಲ," ಎಂದು ಸಭಾಪಾಲಕರಾದ ಸುಗತ ಅಯ್ಯನವರು ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದರು. ಜಗದೀಶರು ಹದಿನೈದೇ ನಿಮಿಷದಲ್ಲಿ ಮುಗಿಸಿದ್ದರು. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ್ದು, ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ ತಾಮ್ರದ ತಂತಿ ಸುತ್ತಿದ್ದು, ಗಂಡ ಬೇಗ ಹೋದದ್ದು, ಕಣ್ಣು ಮಂಜಾಗುವವರೆಗೂ ಸೀರೆಗಳಿಗೆ ಫಾಲ್ಸ್ ಹಾಕಿದ್ದು. ಕೊನೆಗೊಂದು ಭಾರವಾದ ವಾಕ್ಯ ಬೇಕೆನಿಸಿ, 'ಎರಡು ವರ್ಷದ ಹಿಂದೆ, ಯಾರೂ ಕೇಳದೆಯೇ, ತಮ್ಮ ತಿಂಗಳ ಕಾಣಿಕೆಯನ್ನು ಐನೂರು ರೂಪಾಯಿಗೆ ಏರಿಸಿಕೊಂಡರು' ಎಂದು ಸೇರಿಸಿದ್ದರು. 'ಯಾರೂ ಕೇಳದೆಯೇ' ಎಂಬಲ್ಲಿ ಪೆನ್ನು ಒಂದು ಗಳಿಗೆ ನಿಂತದ್ದು ನಿಜ. ಹೋದವರ ಬಗ್ಗೆ ಒಂದು ಒಳ್ಳೆಯ ಮಾತು ಬರೆದರೆ ಯಾರ ಗಂಟು ಹೋಗುತ್ತದೆ ಎಂದುಕೊಂಡು ಮುಂದಕ್ಕೆ ಬರೆದಿದ್ದರು.

ಮನೆಯೊಳಗೆ ರಮಾಮಣಿಯ ತಂಗಿ ಮಧುರಾ ಅಕ್ಕನ ತಲೆಯ ಹತ್ತಿರ ಕೂತಿದ್ದರು. ಬೆಳಿಗ್ಗೆಯೇ ಕೆ.ಆರ್. ಪುರದಿಂದ ಬಂದು, ಸಮಾಧಿಯ ಜಾಗಕ್ಕೆ ದುಡ್ಡು ಕಟ್ಟಿ, ಜಗದೀಶರಿಂದ ರಸೀದಿ ಪಡೆದಿದ್ದರು. ಅಳುತ್ತಿರಲಿಲ್ಲ. ಸಾಬಮ್ಮ ಎಲ್ಲರಿಗೂ ಕಾಫಿ ತಂದಳು.

"ನಮ್ಮನೇದು ಸಾರ್. ಇಲ್ಲೇ ಮಾಡೋಣ ಅಂದ್ರೆ ಇವ್ರ ಮನೇಲಿ ಪುಡಿ ಇಲ್ಲ, ಹಾಲೂ ಇಲ್ಲ."

"ರಮಾಮಣಿಯಕ್ಕನ ಮನೇಲಿ ಕಾಫಿಪುಡಿ ಇಲ್ವಾ?" ಜಗದೀಶರಿಗೆ ಆಶ್ಚರ್ಯವಾಯಿತು. ಆಕೆಯ ಕಾಫಿ ಹುಚ್ಚು ಇಡೀ ಸಭೆಗೇ ಗೊತ್ತಿದ್ದ ಸಂಗತಿ. ಭಾನುವಾರ ಆರಾಧನೆ ಮುಗಿದು ಅಂಗಳದಲ್ಲಿ ಕಾಫಿ ಕೊಡುವಾಗ ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದವರು ಅವರೇ. ನಿಲ್ಲುತ್ತಿದ್ದರು ಎನ್ನುವಾಗಲೇ, ಈಚೆಗೆ ಅವರನ್ನು ಆ ಸಾಲಿನಲ್ಲಿ ನೋಡಿಲ್ಲವೆಂಬುದು ಜಗದೀಶರಿಗೆ ನೆನಪಾಯಿತು.

"ಬಿಟ್ಟು ಎರಡು ವರ್ಷ ಆಯ್ತಲ್ಲ. ಬೆಳಿಗ್ಗೆ ಬಿಸಿನೀರು, ಸಾಯಂಕಾಲಾನೂ ಬಿಸಿನೀರು. ಹಾಲಿನವನಿಗೆ ಬರ್ಬೇಡಪ್ಪ ಅಂದ್ಬಿಟ್ರು. ನಾನು ಒಂದು ಲೋಟ ತಂದ್ಕೊಟ್ರೂ ಮುಟ್ತಾ ಇರ್ಲಿಲ್ಲ. ಕುಡಿದ್ರೆ ಮಾತಿಗೆ ತಪ್ಪಿದ ಹಾಗಾಗುತ್ತೆ ಕಣೇ ಅಂತಿದ್ರು."

"ಯಾವ ಮಾತಿಗೆ?"

"ನಿಮ್ಮ ಚರ್ಚಿನೋರು ಯಾರೋ ಹೇಳಿದ್ರಂತೆ, ದಿನಕ್ಕೊಂದು ಕಾಫಿ ಬಿಟ್ರೆ ಐನೂರು ರೂಪಾಯಿ ತಾನಾಗೇ ಹೊಂದುತ್ತೆ ಅಂತ. ಅವ್ರು ಒಂದಲ್ಲ, ಎರಡೂ ಬಿಟ್ರು." ಸಾಬಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಯಾರು ಸಾರ್ ಹಾಗೆ ಹೇಳಿದ್ದು? ಆ ಜೀವಕ್ಕೆ ಇದ್ದಿದ್ದೇ ಅದೊಂದು ಆಸೆ."

ಜಗದೀಶರು ಲೋಟ ಕೆಳಗಿಟ್ಟರು. ಮಧುರಾ ತಲೆಯೆತ್ತಿ ಅವರನ್ನು ನೋಡಿದರು.

"ಗೊತ್ತಿಲ್ಲಮ್ಮ," ಎಂದರು ಜಗದೀಶರು.

* * *

ಆ ಐನೂರು ಬಂದದ್ದು ಒಂದು ಕಾಣಿಕೆ ಕಾರ್ಡಿನಿಂದ, ಅದು ಜಗದೀಶರದೇ ಕೂಸು. ಎರಡು ವರ್ಷದ ಹಿಂದೆ, ದೇವಾಲಯದ ಹೆಂಚು ಬದಲಿಸಬೇಕೆಂದು ಕಮಿಟಿ ಕೂತಾಗ, ಜನವರಿಯಲ್ಲಿ ಮನೆಮನೆಗೆ ಹೊಸ ಕಾರ್ಡು ಕೊಡೋಣ, ತಿಂಗಳಿಗೆ ಎಷ್ಟು ಕೊಡುತ್ತೀರೆಂದು ಬರೆಸಿಕೊಳ್ಳೋಣ ಎಂದವರು ಅವರೇ. ಮೂವತ್ತಾರು ವರ್ಷ ವಿಮಾ ಕಂಪನಿಯಲ್ಲಿ ಪಾಲಿಸಿ ಮಾಡಿಸಿದ ಮನುಷ್ಯ. "ಖಾಲಿ ಗೆರೆ ಬಿಟ್ರೆ ಐವತ್ತು ಅಂತ ಬರೀತಾರೆ. ಚೌಕ ಹಾಕ್ಕೊಡಿ, ಟಿಕ್ ಮಾಡ್ತಾರೆ," ಎಂದಿದ್ದರು. ಐನೂರು, ಸಾವಿರ, ಎರಡು ಸಾವಿರ, ಐದು ಸಾವಿರ. ನಾಲ್ಕು ಚೌಕ, ಅಂದವಾದ ಅಚ್ಚು. ಕಮಿಟಿ ಮೇಜು ಕುಟ್ಟಿ ಮೆಚ್ಚಿಕೊಂಡಿತು.

ಕಾರ್ಡು ಹಿಡಿದು ಈ ಮನೆಗೆ ಬಂದಾಗ ರಮಾಮಣಿ ಯಾರದೋ ಸೀರೆಯನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದರು. ಎದ್ದು ಕಾಫಿ ಕೊಟ್ಟರು. ಕನ್ನಡಕ ಏರಿಸಿ ಕಾರ್ಡನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದರು.

"ಇದ್ರಲ್ಲಿ ನಂದು ಎಲ್ಲಿದೆಯಪ್ಪ ಜಗದೀಶ?"

ಅವರದು ಇನ್ನೂರ ಹದಿನಾಲ್ಕು ರೂಪಾಯಿ. ಪಿಂಚಣಿ ಎರಡು ಸಾವಿರದ ನೂರ ನಲವತ್ತು, ಅದರಲ್ಲಿ ಹತ್ತರಲ್ಲೊಂದು ಪಾಲು. ಎರಡು ನೂರರ ನೋಟು, ಒಂದು ಹತ್ತು, ನಾಲ್ಕು ಒಂದು ರೂಪಾಯಿ ನಾಣ್ಯ. ತಿಂಗಳ ಮೊದಲ ಭಾನುವಾರ ತಪ್ಪದೆ ಬರುತ್ತಿತ್ತು.

"ಐನೂರರಿಂದ ಶುರು ಅಕ್ಕ."

"ಅದಕ್ಕಿಂತ ಕಮ್ಮಿ ಕೊಡೋರು ಯಾರೂ ಇಲ್ವಾ ಹಾಗಾದ್ರೆ?"

ಇದ್ದರು. ಕಾರ್ಡಿನ ಹಿಂದೆ ನಿಮ್ಮಿಂದಾದಷ್ಟು ಬರೆದುಕೊಡಿ ಎಂದು ಅದೇ ದಿನ ಇಬ್ಬರಿಗೆ ಜಗದೀಶರೇ ಹೇಳಿ ಬಂದಿದ್ದರು. ರಮಾಮಣಿಗೂ ಅಷ್ಟೇ ಹೇಳಿದ್ದರೆ ಸಾಕಾಗಿತ್ತು. ಆದರೆ ಇನ್ನೂ ಆರು ಮನೆ ಬಾಕಿ, ಬಿಸಿಲು ಏರಿತ್ತು. ಅದೂ ಅಲ್ಲ, ನಿಜ ಹೇಳಬೇಕೆಂದರೆ, ಆ ನಾಲ್ಕು ನಾಣ್ಯ ಖಜಾಂಚಿಯಾದಾಗಿನಿಂದಲೂ ಅವರಿಗೆ ಕಿರಿಕಿರಿ. ಪುಸ್ತಕದಲ್ಲಿ ಎಲ್ಲರದೂ ಸೊನ್ನೆಯಿಂದ ಮುಗಿದರೆ ಇದೊಂದೇ ನಾಲ್ಕರಲ್ಲಿ ಮುಗಿಯುತ್ತಿತ್ತು.

"ಐನೂರು ಅಂದ್ರೆ ಏನು ಮಹಾ ಅಕ್ಕ. ದಿನಕ್ಕೊಂದು ಕಾಫಿ ಬಿಟ್ರೆ ತಾನಾಗೇ ಹೊಂದುತ್ತೆ," ಎಂದರು.

ಅದು ಅವರ ಹಳೆಯ ಮಾತು. ದೊಮ್ಮಲೂರಿನಿಂದ ಕುಕ್ ಟೌನಿನವರೆಗೆ ಸಾವಿರ ಮನೆಗಳಲ್ಲಿ, ಸಾವಿರ ಸಲ, ಪಾಲಿಸಿಯ ಕಾಗದ ಮುಂದಿಡುವಾಗ ಆಡಿದ ಮಾತು. ಜನ ನಗುತ್ತಿದ್ದರು, ಸಹಿ ಹಾಕುತ್ತಿದ್ದರು, ಮತ್ತೆ ಕಾಫಿ ಕುಡಿಯುತ್ತಿದ್ದರು. ಅದನ್ನು ಕೇಳಿ ನಿಜಕ್ಕೂ ಕಾಫಿ ಬಿಟ್ಟವರನ್ನು ಅವರು ಒಬ್ಬರನ್ನೂ ಕಂಡಿರಲಿಲ್ಲ.

ರಮಾಮಣಿ ನಗಲಿಲ್ಲ. "ಹೌದಾ," ಎಂದು ಬೆರಳು ಮಡಿಚಿ ಲೆಕ್ಕ ಹಾಕಿದರು. ಆಮೇಲೆ ಮೊದಲನೆಯ ಚೌಕದಲ್ಲಿ ನಿಧಾನವಾಗಿ ಟಿಕ್ ಹಾಕಿ, "ಸರಿಯಪ್ಪ. ಈ ಕಾಫೀನ ಮಾತ್ರ ಪೂರ್ತಿ ಕುಡಿದು ಹೋಗು," ಎಂದರು. ತಮಾಷೆ ಮಾಡುತ್ತಿದ್ದಾರೆಂದು ಜಗದೀಶರು ನಕ್ಕಿದ್ದರು.

* * *

ಹಲಸೂರಿನಿಂದ ದೇವಾಲಯದವರೆಗೆ ವ್ಯಾನಿನ ಹಿಂದೆ ಸ್ಕೂಟರ್ ಓಡಿಸುತ್ತಾ ಜಗದೀಶರು ಒಂದು ತೀರ್ಮಾನಕ್ಕೆ ಬಂದರು. ಆ ವಾಕ್ಯ ಓದಬಾರದು. ಅದರ ಬದಲು ನಡೆದದ್ದನ್ನು ಹೇಳಿಬಿಡಬೇಕು. ಕಾರ್ಡು ನಾನು ಮಾಡಿದ್ದು, ಮಾತು ನಾನು ಆಡಿದ್ದು, ತಪ್ಪು ನನ್ನದು, ಮುಗಿಯಿತು. ಅರವತ್ತು ಎಪ್ಪತ್ತು ಜನ ಇರುತ್ತಾರೆ, ಎರಡು ನಿಮಿಷದ ನಾಚಿಕೆ ಅಷ್ಟೇ. ಟ್ರಿನಿಟಿ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನಿಂತಾಗ ಆ ಮಾತುಗಳನ್ನು ಒಮ್ಮೆ ತುಟಿಯಲ್ಲೇ ಆಡಿಯೂ ನೋಡಿದರು.

ಮೂರು ಗಂಟೆಗೆ ಕಾಗದ ಬಿಚ್ಚಿಕೊಂಡು ನಿಂತಾಗ ಎಲ್ಲ ಸರಿಯಾಗಿಯೇ ನಡೆಯಿತು. ಚಿಕ್ಕಬಳ್ಳಾಪುರ ಬಂತು, ಕಾರ್ಖಾನೆ ಬಂತು, ಗಂಡನ ಸಾವು ಬಂತು. ಕಾಗದದ ಕೊನೆಗೆ ಬಂದಾಗ ತಲೆಯೆತ್ತಿದರು. ಮುಂದಿನ ಬೆಂಚುಗಳಲ್ಲಿ ಕಮಿಟಿಯವರು. ತಾವಾಗಿಯೇ ತಪ್ಪು ಹೇಳಿಕೊಂಡರೆ ನಾಳೆ ಯಾರು ಏನೆನ್ನುತ್ತಾರೆಂದು ಒಬ್ಬೊಬ್ಬರ ಮುಖದಲ್ಲೂ ಕಂಡಿತು. ಕೊನೆಯ ಬೆಂಚಿನಲ್ಲಿ ಸೆರಗು ಹೊದ್ದು ಕೂತಿದ್ದ ಸಾಬಮ್ಮ ಕತ್ತು ಮುಂದೆ ಚಾಚಿ ಕೇಳುತ್ತಿದ್ದಳು. ಕಣ್ಣು ಕಾಗದಕ್ಕೆ ಇಳಿಯಿತು, ನಾಲಿಗೆ ಅಲ್ಲಿದ್ದದ್ದನ್ನು ಓದಿಬಿಟ್ಟಿತು.

"ಎರಡು ವರ್ಷದ ಹಿಂದೆ, ಯಾರೂ ಕೇಳದೆಯೇ..."

ಎಷ್ಟು ಸ್ಪಷ್ಟವಾಗಿ ಓದಿದರೆಂದರೆ ಕೊನೆಯ ಬೆಂಚಿಗೂ ಕೇಳಿಸಿತು. ಮುಂದಿನ ಸಾಲಿನಲ್ಲಿ ಒಂದಿಬ್ಬರು ಕಣ್ಣು ಮುಚ್ಚಿ ಆಮೆನ್ ಎಂದರು. ಜಗದೀಶರು ತಮ್ಮ ಜಾಗಕ್ಕೆ ಬಂದು ಕೂತರು. ತಮ್ಮ ಮೇಲೆ ಅವರಿಗೆ ಅಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ.

ಹೊರಗೆ ಪೆಟ್ಟಿಗೆಯನ್ನು ವ್ಯಾನಿಗೆ ಏರಿಸುವಾಗ ಸುಗತ ಅಯ್ಯನವರು ಅವರ ಭುಜ ಹಿಡಿದುಕೊಂಡರು.

"ಬಹಳ ಚೆನ್ನಾಗಿ ಬರ್ದಿದ್ದೀರಿ. ಆ ಕೊನೇ ಸಾಲು ನನ್ನ ಮನಸ್ಸಿಗೆ ನಾಟ್ತು. ಜನವರೀಲಿ ಹೊಸ ಕಾರ್ಡ್ ಕೊಡ್ತೀವಲ್ಲ, ಅವತ್ತಿನ ಪ್ರಸಂಗದಲ್ಲಿ ಇದನ್ನೇ ಹೇಳ್ತೀನಿ. ಎಲ್ರಿಗೂ ಒಂದು ಮಾದರಿ."

"ಬೇಡ ಅಯ್ನೋರೆ," ಎಂದರು ಜಗದೀಶರು.

"ಬರ್ದೋರು ನೀವು ಅಂತ ಹೇಳಲ್ಲ ಬಿಡಿ," ಎಂದು ಅಯ್ಯನವರು ನಗುತ್ತಾ ಕಾರಿನ ಕಡೆ ನಡೆದರು.

* * *

ಕಲ್ಪಳ್ಳಿಯ ಸ್ಮಶಾನದಲ್ಲಿ ಗುಂಡಿ ತೋಡಿ ಮುಗಿದಿರಲಿಲ್ಲ. ಕೆಳಗೆ ಬಂಡೆ ಸಿಕ್ಕಿದೆ, ಹತ್ತು ನಿಮಿಷ ಎಂದರು ಅಗೆಯುವವರು. ಬಂದವರು ಅಲ್ಲಲ್ಲಿ ನೆರಳು ಹುಡುಕಿಕೊಂಡರು. ಮಧುರಾ ಒಬ್ಬರೇ ಒಂದು ಹಳೆಯ ಸಮಾಧಿಯ ಕಟ್ಟೆಯ ಮೇಲೆ ಕೂತಿದ್ದರು. ಈಗ ಹೇಳದಿದ್ದರೆ ಇನ್ನು ಈ ಜನ್ಮದಲ್ಲಿ ಹೇಳುವುದಿಲ್ಲವೆಂದು ಜಗದೀಶರಿಗೆ ಗೊತ್ತಿತ್ತು.

"ಸಿಸ್ಟರ್, ನಾನು ಓದಿದ್ದು ಸುಳ್ಳು," ಎಂದರು. "ಯಾರೂ ಕೇಳ್ದೆ ಅಲ್ಲ. ನಾನೇ ಕೇಳಿ ಬರೆಸ್ಕೊಂಡಿದ್ದು. ಆ ಕಾಫಿ ಮಾತೂ ನಂದೇ."

"ಗೊತ್ತು ಬ್ರದರ್."

ಜಗದೀಶರು ತಮ್ಮ ಚೀಲವನ್ನು ಕಟ್ಟೆಯ ಮೇಲಿಟ್ಟರು.

"ಅವತ್ತೇ ಫೋನ್ ಮಾಡಿ ಹೇಳಿದ್ಲು. ಜಗದೀಶ ಬಂದಿದ್ದ ಕಣೇ, ಒಳ್ಳೇ ಉಪಾಯ ಹೇಳ್ಕೊಟ್ಟ ಅಂದ್ಲು. ನಾನು ಚೆನ್ನಾಗಿ ಬೈದೆ. ಕಾರ್ಡು ವಾಪಸ್ ಕೊಡು ಅಂದೆ. ದೇವರ ಮುಂದೆ ಬರ್ದಾಯ್ತು, ಹೆಂಗೆ ವಾಪಸ್ ತಗೊಳ್ಳಲಿ ಅಂದ್ಲು." ಮಧುರಾ ಅಗೆಯುವವರ ಕಡೆಯೇ ನೋಡುತ್ತಿದ್ದರು. "ಮನೇಲಿ ಸಾಬಮ್ಮ ಕೇಳ್ದಾಗ ಗೊತ್ತಿಲ್ಲ ಅಂದ್ರಿ. ಹೋಗ್ಲಿ, ಚರ್ಚಲ್ಲಾದ್ರೂ ಹೇಳ್ತಾರೇನೋ ಅಂತ ಕಾದೆ."

"ನಾನು ದೊಡ್ಡ ತಪ್ಪು ಮಾಡ್ದೆ ಸಿಸ್ಟರ್. ಕ್ಷಮಿಸ್ಬಿಡಿ."

"ನಾನು ಕ್ಷಮಿಸೋಕೆ ಕಾಫಿ ಬಿಟ್ಟೋಳು ನಾನಲ್ವಲ್ಲ."

ಅವರು ಕೈಚೀಲ ತೆರೆದು ಮೂರು ಲಕೋಟೆ ತೆಗೆದರು. ಸಭೆಯವರು ವರ್ಷದ ಮೊದಲಿಗೆ ಹಂಚುವ ಲಕೋಟೆಗಳು, ಒಂದೊಂದರ ಮೇಲೂ ತಿಂಗಳ ಹೆಸರು. ಅಕ್ಟೋಬರ್, ನವೆಂಬರ್, ಡಿಸೆಂಬರ್. ಮೂರೂ ಅಂಟಿಸಿದ್ದವು, ಮೂರರ ಮೇಲೂ ರಮಾಮಣಿಯ ಗುಂಡಗಿನ ಅಕ್ಷರದಲ್ಲಿ ಐನೂರು ಎಂದು ಬರೆದಿತ್ತು.

"ದಿಂಬಿನ ಕೆಳಗಿತ್ತು. ವರ್ಷ ಮುಗಿಯೋವರೆಗೂ ತೆಗೆದಿಟ್ಬಿಟ್ಟಿದಾಳೆ. ತಗೊಳ್ಳಿ."

"ಬೇಡ ಸಿಸ್ಟರ್, ದಮ್ಮಯ್ಯ. ನೀವೇ ಇಟ್ಕೊಳ್ಳಿ. ಹೋದೋರ ಹತ್ರ ಸಭೆ ತಗೊಳ್ಳಲ್ಲ."

"ಇದ್ದಾಗ ತಗೊಂಡ್ರಲ್ಲ," ಎಂದರು ಮಧುರಾ. ಧ್ವನಿ ಏರಿಸಲಿಲ್ಲ. "ಅವಳು ಕೊಟ್ಟ ಮಾತು ಇದು. ನಾನ್ಯಾಕೆ ಮುರೀಲಿ. ರಸೀದಿ ಬರೀರಿ."

ರಸೀದಿ ಪುಸ್ತಕ ಜಗದೀಶರ ಚೀಲದಲ್ಲಿಯೇ ಇತ್ತು. ಇಲ್ಲವೆನ್ನುವಂತಿರಲಿಲ್ಲ. ಕಟ್ಟೆಯ ಮೇಲಿಟ್ಟುಕೊಂಡು ಬರೆದರು. ಶ್ರೀಮತಿ ರಮಾಮಣಿಯವರಿಂದ, ಮೂರು ತಿಂಗಳ ಕಾಣಿಕೆ, ಒಂದೂವರೆ ಸಾವಿರ ರೂಪಾಯಿ, ವಂದನೆಗಳೊಂದಿಗೆ ಸ್ವೀಕರಿಸಲಾಗಿದೆ. ಸಹಿ ಮಾಮೂಲಿಗಿಂತ ದೊಡ್ಡದಾಗಿ ಬಿತ್ತು. ಮಧುರಾ ಓದಿ ನೋಡಿ, ಒಮ್ಮೆ ಮಡಿಚಿ ಅಂಗೈಯಲ್ಲಿ ಇಟ್ಟುಕೊಂಡರು.

ಅಷ್ಟರಲ್ಲಿ ಗುಂಡಿ ಸಿದ್ಧವಾಯಿತು. ಅಯ್ಯನವರು ಪ್ರಾರ್ಥನೆ ಹೇಳಿದರು. ಪೆಟ್ಟಿಗೆ ಹಗ್ಗದ ಮೇಲೆ ಇಳಿಯಿತು. ಮೊದಲ ಹಿಡಿ ಮಣ್ಣು ಒಡಹುಟ್ಟಿದವಳದು. ಮಧುರಾ ಬಗ್ಗಿ ಮಣ್ಣು ತೆಗೆದುಕೊಂಡು, ಅದರ ಜೊತೆಗೆ ಆ ರಸೀದಿಯನ್ನೂ ಗುಂಡಿಗೆ ಬಿಟ್ಟರು. ಆಗ ಮಾತ್ರ ಅವರಿಗೆ ಅಳು ಬಂತು.

ನಂತರದ ಸರದಿ ಖಜಾಂಚಿಯದು. ಜಗದೀಶರು ಹಿಡಿ ತುಂಬ ಕೆಮ್ಮಣ್ಣು ತೆಗೆದುಕೊಂಡು ಅಂಚಿಗೆ ಬಂದು ಕೈ ಚಾಚಿದರು. ಕೆಳಗೆ, ಮುಚ್ಚಳದ ಮೇಲೆ, ರಸೀದಿ ಮಡಿಕೆ ಬಿಚ್ಚಿಕೊಂಡು ಅಂಗಾತ ಬಿದ್ದಿತ್ತು. ಆರಡಿ ಮೇಲಿನಿಂದಲೂ ಅವರ ಸಹಿ ಚೆನ್ನಾಗಿ ಕಾಣುತ್ತಿತ್ತು.

"ಹಾಕಿ ಸಾರ್," ಎಂದಳು ಹಿಂದೆ ನಿಂತಿದ್ದ ಸಾಬಮ್ಮ, ಮೆಲ್ಲಗೆ. ಅವಳ ಹಿಂದೆ ಇಡೀ ಸಭೆ ಮಣ್ಣು ಹಿಡಿದು ಸಾಲಾಗಿ ನಿಂತಿತ್ತು. ಜಗದೀಶರ ಮುಷ್ಟಿ ಬಿಚ್ಚಲಿಲ್ಲ.