ಅಮ್ಮನ ಕೆನ್ನೆಯ ಕಲೆ

“ಎಲ್ಲಿ ಹೋಯ್ತಪ್ಪಾ ಇದು?” ಖಾಲಿ ಕೋಣೆಯಲ್ಲಿ ಅಕ್ಕ ಕಂಪ್ಯೂಟರಿನ ಮುಂದೆ ಕೂತು ಕೇಳಿದಳು. ತಂಗಿಯ ಮದುವೆಯ ಆರುನೂರು ಫೋಟೋಗಳನ್ನು ತಿದ್ದಿ ತಿದ್ದಿ ಕಣ್ಣುಗಳು ಸೋತಿದ್ದವು. ಮುಗಿದರೆ ಸಾಕೆಂದು ಮದುಮಗಳ ಮುಖಕ್ಕೆ ಕೊಟ್ಟ ನುಣುಪನ್ನೇ ಒಟ್ಟಿಗೆ ಎಲ್ಲರ ಮುಖಕ್ಕೂ ಹಚ್ಚಿಬಿಟ್ಟಿದ್ದಳು. ಅಮ್ಮನ ಕೆನ್ನೆಯ ಸುಟ್ಟ ಕಲೆ ಮಾಯವಾಗಿತ್ತು. ತೊಟ್ಟಿಲಿಗೆ ಬೆಂಕಿ ಹತ್ತಿದ ದಿನ ಅಕ್ಕನನ್ನು ಎತ್ತಿಕೊಳ್ಳಲು ಹೋಗಿ ಆದ ಕಲೆ ಅದು.

ಚಹಾ ತಂದ ತಂಗಿ ಇಣುಕಿದಳು. “ಅಮ್ಮಂಗೆ ಹತ್ತು ವರ್ಷ ಕಮ್ಮಿ ಮಾಡಿದೀಯಲ್ಲೇ. ಹೀಗೇ ಇರ್ಲಿ, ನೋಡಿದವರು ಏನಾಯ್ತು ಅಂತ ಕೇಳಲ್ಲ.”

“ಪುಣ್ಯಕ್ಕೆ ಮೂಲ ಫೋಟೋ ಹಾಗೇ ಇದೆ,” ಎನ್ನುತ್ತ ಅಕ್ಕ ಅಮ್ಮನಿದ್ದ ಚಿತ್ರಗಳನ್ನು ಒಂದೊಂದಾಗಿ ಮೊದಲಿನಂತೆ ಮಾಡತೊಡಗಿದಳು.

“ನನ್ನ ಆಲ್ಬಮ್ ಅಲ್ವೇನಕ್ಕಾ? ಒಂದನ್ನಾದ್ರೂ ಬಿಡು.”

“ಒಂದನ್ನೂ ಬಿಡಲ್ಲ.”